ಟೆಸ್ಟ್ ಡೋಸಿಗಿಂತ ಒಂದು ಚೀಟಿ ಮೇಲು

ಚಾಮರಾಜನಗರ ಜಿಲ್ಲೆಯ ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಿಂದ ಆಸ್ಪತ್ರೆಗೆ ಹೋಗುವ ದಾರಿ ಒಂದೇ ಅಲ್ಲ. ಹತ್ತಿರದ್ದು ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆ. ಹನೂರಿನ ಕಡೆ ಹೋದರೆ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ, ಕಾವೇರಿ ದಾಟಿದರೆ ಮಂಡ್ಯ ಜಿಲ್ಲೆಯ ಮಳವಳ್ಳಿ. ತೊಂದರೆ ದೊಡ್ಡದಾದರೆ ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇಲ್ಲವೇ ಮೈಸೂರಿನ ಚೆಲುವಾಂಬ, ಕೆ.ಆರ್. ಆಸ್ಪತ್ರೆಗಳು. ಕೈಯಲ್ಲಿ ಕಾಸಿದ್ದರೆ ಬೆಂಗಳೂರು. 1956ರವರೆಗೆ ಈ ಸೀಮೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಹಳೆಯ ನಂಟಿನಿಂದಲೋ ಏನೋ, ಆ ಕಡೆಗೆ ಹೋಗುವವರೂ ಉಂಟು. ಹೋದ ಕಡೆಯಲ್ಲೆಲ್ಲ ಹೊಸ ಚೀಟಿ, ಹೊಸ ಫೈಲು. ಒಂದು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ್ದರೆ ಆ ಸಂಗತಿ ಇನ್ನೊಂದು ಆಸ್ಪತ್ರೆಗೆ ತಲುಪುವುದು ರೋಗಿಯ ಬಾಯಿಂದ, ಅದೂ ಯಾರಾದರೂ ಕೇಳಿದರೆ ಮಾತ್ರ. ಇಂಥ ಕಡೆ ಆಪರೇಷನ್ ಹೊತ್ತಿನ ಆ್ಯಂಟಿಬಯಾಟಿಕ್ ಅಲರ್ಜಿಯಿಂದ ಪಾರಾಗಲು ನಾವು ನೆಚ್ಚಿಕೊಂಡಿರುವುದು ಮುಂಗೈ ಚರ್ಮಕ್ಕೆ ಚುಚ್ಚುವ ‘ಟೆಸ್ಟ್ ಡೋಸ್’ ಅನ್ನು. ಈ ನೆಚ್ಚಿಕೆಗೆ ಆಧಾರ ಬಹಳ ತೆಳುವಾದದ್ದು ಎನ್ನುವುದು ನನ್ನ ವಾದ. ಅದಕ್ಕೆ ಹೋಗುವ ಇಪ್ಪತ್ತು ನಿಮಿಷವನ್ನು ರೋಗಿಯನ್ನು ಸರಿಯಾಗಿ ಕೇಳುವುದಕ್ಕೆ, ಕೇಳಿದ್ದನ್ನು ಬರೆದು ಅವರ ಕೈಗೇ ಕೊಡುವುದಕ್ಕೆ ಬಳಸಿದರೆ ಹೆಚ್ಚು ಜೀವ ಉಳಿಯುತ್ತದೆ, ಹೊಲಿಗೆಯೂ ಕೀವಾಗದೆ ಮಾಯುತ್ತದೆ.

ಸೋಂಕಿಲ್ಲದವರಿಗೂ ಕುಯ್ಯುವ ಮುನ್ನ ಆ್ಯಂಟಿಬಯಾಟಿಕ್ ಏಕೆ ಎಂದು ಕೇಳುವವರಿದ್ದಾರೆ. ಚರ್ಮ ಸೀಳುವ ಗಳಿಗೆಯಲ್ಲಿ ಆ ಜಾಗದ ರಕ್ತದಲ್ಲೂ ಮಾಂಸದಲ್ಲೂ ಔಷಧ ಆಗಲೇ ಹರಡಿಕೊಂಡಿರಬೇಕು. ಬ್ಯಾಕ್ಟೀರಿಯ ಒಳಹೊಕ್ಕು ನೆಲೆಯೂರಿದ ಮೇಲೆ ಕೊಟ್ಟರೆ ಅಷ್ಟು ಫಲವಿಲ್ಲ. ಅಮೆರಿಕದ ಯೂಟಾದಲ್ಲಿ 2,847 ರೋಗಿಗಳನ್ನು ಗಮನಿಸಿ 1992ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಕುಯ್ಯುವುದಕ್ಕೆ ಮುಂಚಿನ ಎರಡು ಗಂಟೆಯೊಳಗೆ ಔಷಧ ಪಡೆದವರಲ್ಲಿ ಗಾಯ ಕೀವಾದದ್ದು ಶೇ 0.6ರಷ್ಟು ಮಂದಿಗೆ. ಅದಕ್ಕಿಂತ ಬಹಳ ಮೊದಲೇ ಪಡೆದವರಲ್ಲಿ ಅದು ಶೇ 3.8, ಕುಯ್ದು ಬಹಳ ಹೊತ್ತಾದ ಮೇಲೆ ಪಡೆದವರಲ್ಲಿ ಶೇ 3.3. ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರುಗಳಿಗಾಗಿ ಮಾಡಿಕೊಟ್ಟ ಸುರಕ್ಷತಾ ಪಟ್ಟಿಯಲ್ಲಿ ಎರಡು ಪ್ರಶ್ನೆಗಳಿವೆ: ರೋಗಿಗೆ ಗೊತ್ತಿರುವ ಅಲರ್ಜಿ ಇದೆಯೇ, ಕಳೆದ 60 ನಿಮಿಷದೊಳಗೆ ಆ್ಯಂಟಿಬಯಾಟಿಕ್ ಕೊಟ್ಟಾಗಿದೆಯೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಂತೆ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬ ಬಾಣಂತಿ ಈ ಔಷಧವನ್ನು ಪಡೆದೇ ಇರುತ್ತಾಳೆ. ಅಪರೂಪದ ರೋಗಿಗಳಿಗೆ ಮಾತ್ರ ಸಂಬಂಧಿಸಿದ ವಿಚಾರ ಎಂದು ಪಕ್ಕಕ್ಕಿಡುವಂತಿಲ್ಲ.

ಔಷಧವೇ ಮೈಗೆ ಮುಳುವಾಗುವ ಸ್ಥಿತಿಯಲ್ಲಿ ಅತ್ಯಂತ ಭಯಂಕರವಾದುದು ಅನಾಫಿಲಾಕ್ಸಿಸ್. ಹಿಂದೊಮ್ಮೆ ಪರಿಚಯವಾದ ಔಷಧವನ್ನು ದೇಹ ಶತ್ರುವೆಂದು ಗುರುತಿಟ್ಟುಕೊಂಡಿರುತ್ತದೆ. ಅದೇ ಔಷಧ ಮತ್ತೆ ರಕ್ತಕ್ಕೆ ಸೇರಿದ ಕೂಡಲೇ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಗೇ ಹೊರಚೆಲ್ಲುತ್ತವೆ. ರಕ್ತನಾಳಗಳು ಸಡಿಲಾಗಿ ಬಿ.ಪಿ. ಕುಸಿಯುತ್ತದೆ, ಉಸಿರಿನ ಕೊಳವೆಗಳು ಬಿಗಿಯುತ್ತವೆ. ವಾರ್ಡಿನಲ್ಲಿ ಎಚ್ಚರವಾಗಿರುವ ರೋಗಿಯಾದರೆ ಅಂಗೈ ಕಡಿತ, ತುಟಿ ಊತ, ಎದೆ ಬಿಗಿತ ಎಂದು ಮೊದಲೇ ಹೇಳುತ್ತಾನೆ. ಥಿಯೇಟರಿನಲ್ಲಿ ಆ ಅನುಕೂಲವಿಲ್ಲ. ಪೂರ್ತಿ ಅರಿವಳಿಕೆಯಲ್ಲಿರುವವನು ಮಾತಾಡಲಾರ, ಮೈಮೇಲೆ ಹಸಿರು ಬಟ್ಟೆ ಹೊದಿಸಿರುವುದರಿಂದ ದದ್ದು ಯಾರ ಕಣ್ಣಿಗೂ ಬೀಳದು. ಸಿಸೇರಿಯನ್‌ನಲ್ಲಿ ಇನ್ನೊಂದು ತೊಡಕು. ಬೆನ್ನಿಗೆ ಸ್ಪೈನಲ್ ಅರಿವಳಿಕೆ ಕೊಟ್ಟರೆ ಬಿ.ಪಿ. ಇಳಿಯುವುದು ನಿತ್ಯದ ಸಂಗತಿ. ಅರಿವಳಿಕೆ ವೈದ್ಯರು ಮೊದಲು ಊಹಿಸುವುದು ಅದನ್ನೇ, ಅದಕ್ಕೆ ಬೇಕಾದ ಔಷಧ ಕೊಡುತ್ತ ಹೋಗುತ್ತಾರೆ. ಅಲರ್ಜಿ ಇರಬಹುದೆಂಬ ಸಂಶಯ ಹುಟ್ಟುವ ಹೊತ್ತಿಗೆ ಅಮೂಲ್ಯ ನಿಮಿಷಗಳು ಕಳೆದಿರುತ್ತವೆ. ಜೊತೆಗೆ ಹತ್ತು ನಿಮಿಷದೊಳಗೆ ನಾಲ್ಕಾರು ಔಷಧಗಳು ಒಂದರ ಹಿಂದೊಂದು ಒಳಗೆ ಹೋಗಿರುತ್ತವೆ. ಸ್ನಾಯು ಸಡಿಲಿಸುವ ಮದ್ದು, ಚರ್ಮ ಒರೆಸಿದ ಕ್ಲೋರ್‌ಹೆಕ್ಸಿಡಿನ್, ಕೈಗವಸಿನ ರಬ್ಬರು, ಇವುಗಳಲ್ಲಿ ತಪ್ಪಿತಸ್ಥ ಯಾವುದೆಂದು ಆ ಗಳಿಗೆಯಲ್ಲಿ ಹೇಳಲಾಗದು.

ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವರ್ಷವಿಡೀ ಸಂಭವಿಸಿದ ಇಂಥ ಪ್ರಕರಣಗಳನ್ನು ಕಲೆಹಾಕಿ 2018ರಲ್ಲಿ ಪ್ರಕಟಿಸಿತು. ಸುಮಾರು ಹತ್ತು ಸಾವಿರ ಅರಿವಳಿಕೆಗಳಲ್ಲಿ ಒಂದರಲ್ಲಿ ಜೀವಕ್ಕೆ ಕುತ್ತು ತರುವ ಅನಾಫಿಲಾಕ್ಸಿಸ್. ಕೂಲಂಕಷವಾಗಿ ಪರಿಶೀಲಿಸಿದ 266 ಪ್ರಕರಣಗಳಲ್ಲಿ 10 ಸಾವು. ಕಾರಣ ಪತ್ತೆಯಾದ ಪ್ರಕರಣಗಳಲ್ಲಿ ಶೇ 47ರಷ್ಟಕ್ಕೆ ಆ್ಯಂಟಿಬಯಾಟಿಕ್ಕೇ ಹೊಣೆ, ಸ್ನಾಯು ಸಡಿಲಿಸುವ ಔಷಧಗಳಿಗೆ ಎರಡನೆಯ ಸ್ಥಾನ. ಆ್ಯಂಟಿಬಯಾಟಿಕ್‌ಗಳ ಪೈಕಿ ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಿಗೆ ಕಾರಣವಾದವು ಎರಡೇ ಔಷಧಗಳು: ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಮ್ಲ ಬೆರೆತದ್ದು ಮತ್ತು ಟೈಕೋಪ್ಲಾನಿನ್. ಈ ಎರಡನೆಯದರಲ್ಲಿ ಒಂದು ವಿಪರ್ಯಾಸವಿದೆ. ಟೈಕೋಪ್ಲಾನಿನ್ ಅನ್ನು ಅಲ್ಲಿ ಬಹಳ ಸಲ ಕೊಡುವುದು ‘ನನಗೆ ಪೆನಿಸಿಲಿನ್ ಅಲರ್ಜಿ’ ಎಂದು ಹೇಳಿದವರಿಗೆ, ಪೆನಿಸಿಲಿನ್ ಬದಲಿಗೆ. ಹಾಗೆ ಹೇಳಿದವರಲ್ಲಿ ಬಹುಪಾಲು ಮಂದಿಗೆ ನಿಜಕ್ಕೂ ಪೆನಿಸಿಲಿನ್ ಅಲರ್ಜಿ ಇರುವುದಿಲ್ಲ. ಇಲ್ಲದ ಅಲರ್ಜಿಗೆ ಹೆದರಿ ಹೆಚ್ಚು ಅಲರ್ಜಿ ತರುವ ಔಷಧವನ್ನು ಆರಿಸಿಕೊಂಡಂತಾಯಿತು. ಇಲ್ಲಿ ಎಡವಿದ್ದು ಔಷಧವಲ್ಲ, ರೋಗಿಯ ಬಗೆಗಿನ ಮಾಹಿತಿ.

ಈಗ ನಮ್ಮ ಟೆಸ್ಟ್ ಡೋಸಿನ ವಿಚಾರ. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ಕಿನ ವಯಲಿನಿಂದ ಒಂದಿಷ್ಟು ತೆಗೆದು, ನೀರು ಬೆರೆಸಿ, ಮುಂಗೈ ಚರ್ಮದೊಳಕ್ಕೆ ಒಂದು ಹನಿ ಚುಚ್ಚಿ, ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೋಡುವುದು. ಊದಿಲ್ಲವೆಂದರೆ ‘ನೆಗೆಟಿವ್, ಕೊಡಿ’. ತಾಲ್ಲೂಕು ಆಸ್ಪತ್ರೆಯಿಂದ ನಗರದ ನರ್ಸಿಂಗ್ ಹೋಮಿನವರೆಗೆ ಇದನ್ನು ನೋಡದವರಿಲ್ಲ. ನೋಡುವುದಕ್ಕೆ ಅಲರ್ಜಿ ತಜ್ಞರ ಚರ್ಮಪರೀಕ್ಷೆಯಂತೆಯೇ ಇದೆ, ಆದರೆ ಅದರ ಅಗತ್ಯ ಅಂಗಗಳೇ ಇದರಲ್ಲಿಲ್ಲ. ಸರಿಯಾದ ಪರೀಕ್ಷೆಗೆ ಚರ್ಮವನ್ನು ಕೆರಳಿಸದಷ್ಟು ನಿಗದಿತ ಪ್ರಮಾಣದ ದ್ರಾವಣ ಬೇಕು. ಚರ್ಮ ಸ್ಪಂದಿಸಬಲ್ಲದು ಎಂದು ತಿಳಿಯಲು ಪಕ್ಕದಲ್ಲೇ ಹಿಸ್ಟಮಿನ್, ಸುಮ್ಮನೆ ಚುಚ್ಚಿದ್ದಕ್ಕೇ ಊದುತ್ತದೆಯೋ ಎಂದು ತಿಳಿಯಲು ಸಲೈನ್, ಹೀಗೆ ಎರಡು ಸಾಕ್ಷಿಗಳು ಬೇಕು. ಪೆನಿಸಿಲಿನ್ ಆದರೆ, ಅದು ದೇಹದಲ್ಲಿ ಒಡೆದು ಆಗುವ ಪದಾರ್ಥಗಳಿಂದ ತಯಾರಿಸಿದ ವಿಶೇಷ ದ್ರವ್ಯವೂ ಬೇಕು. ಇವೊಂದೂ ಇಲ್ಲದೆ, ಕೈಯಳತೆಯಲ್ಲಿ ನೀರು ಬೆರೆಸಿದ ಔಷಧದಿಂದ ಬರುವ ಫಲಿತಾಂಶ ಎರಡೂ ಕಡೆ ದಾರಿ ತಪ್ಪಿಸುತ್ತದೆ. ದ್ರಾವಣ ಗಟ್ಟಿಯಾದರೆ ಅಲರ್ಜಿ ಇಲ್ಲದವನ ಚರ್ಮವೂ ಕೆಂಪಗೆ ಊದುತ್ತದೆ, ತೆಳುವಾದರೆ ಅಲರ್ಜಿ ಇದ್ದವನದೂ ಸುಮ್ಮನಿರುತ್ತದೆ.

ಇದು ತರ್ಕದ ಮಾತಷ್ಟೇ ಅಲ್ಲ. ನಮ್ಮಂತೆಯೇ ಎಲ್ಲರಿಗೂ ಚರ್ಮಪರೀಕ್ಷೆ ಮಾಡುವ ರೂಢಿಯಿದ್ದ ದಕ್ಷಿಣ ಕೊರಿಯಾದಲ್ಲಿ ಅದನ್ನು ಒರೆಗೆ ಹಚ್ಚಿ ನೋಡಿದರು. 1,421 ಮಂದಿಗೆ, ಸೆಫ್ಟ್ರಿಯಾಕ್ಸೋನ್ ಸೇರುವ ಸೆಫಲೋಸ್ಪೊರಿನ್ ಗುಂಪಿನ ಔಷಧಗಳ ಚರ್ಮಪರೀಕ್ಷೆ ಮಾಡಿ, ಫಲಿತಾಂಶ ಏನೇ ಬಂದರೂ ಔಷಧ ಕೊಟ್ಟು ಗಮನಿಸಿದರು. ನೂರಕ್ಕೆ ಐದರಷ್ಟು ಜನರಲ್ಲಿ ಪರೀಕ್ಷೆ ಪಾಸಿಟಿವ್ ಬಂದಿತ್ತು, ಅವರಲ್ಲಿ ಒಬ್ಬರಿಗೂ ತಕ್ಷಣದ ಅಲರ್ಜಿ ಆಗಲಿಲ್ಲ. ನಿಜಕ್ಕೂ ಅಲರ್ಜಿಯಾದದ್ದು ನಾಲ್ಕು ಜನಕ್ಕೆ, ಆ ನಾಲ್ವರ ಪರೀಕ್ಷೆಯೂ ನೆಗೆಟಿವ್! 2013ರಲ್ಲಿ ಬಂದ ಈ ಫಲಿತಾಂಶದಲ್ಲಿ ಪರೀಕ್ಷೆ ಹಿಡಿದುಕೊಟ್ಟದ್ದು ಸೊನ್ನೆ. ಹಿಂದೆ ಅಲರ್ಜಿಯ ಚರಿತ್ರೆಯೇ ಇಲ್ಲದವರಿಗೆಲ್ಲ ಸಾರಾಸಗಟು ಚುಚ್ಚುವುದರ ಮಾತಿದು. ಹಿಂದೆ ನಿಜಕ್ಕೂ ಅಲರ್ಜಿಯಾಗಿದೆ ಎಂದು ಸಂಶಯವಿರುವವರಿಗೆ ತಜ್ಞರು ವಿಧಿವತ್ತಾಗಿ ಮಾಡುವ ಪರೀಕ್ಷೆಗೆ ಬೆಲೆ ಇದ್ದೇ ಇದೆ. ಸೆಫಲೋಸ್ಪೊರಿನ್‌ಗೆ ಮುನ್ನ ಚರ್ಮಪರೀಕ್ಷೆಯನ್ನು ದಶಕಗಳ ಕಾಲ ರೂಢಿಯಾಗಿಸಿಕೊಂಡಿದ್ದ ಚೀನಾ ಕೂಡ 2021ರಲ್ಲಿ ಸರ್ಕಾರಿ ಮಾರ್ಗಸೂಚಿ ಹೊರಡಿಸಿ ಎಲ್ಲರಿಗೂ ಅದನ್ನು ಮಾಡುವುದು ಬೇಡವೆಂದಿತು. ನಾವೂ ಒಂದು ಪಾಠ ಕಲಿತು ಮರೆತಿದ್ದೇವೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡವರನ್ನು ಅರ್ಧ ಗಂಟೆ ಕುರ್ಚಿಯಲ್ಲಿ ಕೂರಿಸಿದರು. ಯಾರಿಗೂ ಟೆಸ್ಟ್ ಡೋಸ್ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಮೊದಲು ಹಿಂದಿನ ಅಲರ್ಜಿ ವಿಚಾರಿಸು, ಪೂರ್ತಿ ಮದ್ದು ಕೊಡು, ಕಣ್ಣಳತೆಯಲ್ಲಿ ಕೂರಿಸು, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೋ ಎನ್ನುವ ಆ ಕ್ರಮ ಹಳ್ಳಿಯ ಶಾಲಾ ಜಗಲಿಯಲ್ಲಿ ನಡೆಯಬಹುದಾದರೆ ಥಿಯೇಟರಿನಲ್ಲಿ ಏಕೆ ನಡೆಯದು?

ಟೆಸ್ಟ್ ಡೋಸಿನಿಂದ ನಷ್ಟವೇನು, ಇದ್ದರೆ ಇರಲಿ ಬಿಡಿ ಎನ್ನುವವರಿಗೆ ನನ್ನ ಉತ್ತರ, ನಷ್ಟ ಎರಡು ಬಗೆಯದು. ಒಂದು, ‘ಟೆಸ್ಟ್ ಡೋಸ್ ಆಗಿದೆ’ ಎಂದು ಕೇಸ್ ಶೀಟಿನಲ್ಲಿ ಬಿದ್ದ ಮೇಲೆ ಎಲ್ಲರ ಎಚ್ಚರವೂ ಸಡಿಲವಾಗುತ್ತದೆ. ಪೂರ್ತಿ ಔಷಧವನ್ನು ವಾರ್ಡಿನಲ್ಲೇ ಸರಕ್ಕನೆ ನೂಕಿ ರೋಗಿಯನ್ನು ಸ್ಟ್ರೆಚರಿನಲ್ಲಿ ಸಾಗಿಸುವ ಧೈರ್ಯ ಅಲ್ಲಿಂದ ಬರುತ್ತದೆ. ಇನ್ನೊಂದು ಹೊರಗೆ ಕಾಣದ್ದು: ತಪ್ಪು ಪಾಸಿಟಿವ್ ಬಂದವರ ಹಣೆಗೆ ‘ಅಲರ್ಜಿ’ ಎಂಬ ಚೀಟಿ ಜೀವಮಾನಕ್ಕೆ ಅಂಟಿಕೊಳ್ಳುತ್ತದೆ. ಅಂಥ ಚೀಟಿಗಳು ಈಗಲೇ ಸಾಕಷ್ಟಿವೆ. ಮಾತ್ರೆ ನುಂಗಿ ವಾಂತಿಯಾದದ್ದು, ಭೇದಿಯಾದದ್ದು, ಸೂಜಿ ಕಂಡು ತಲೆಸುತ್ತಿ ಬಿದ್ದದ್ದು, ಮಗುವಿಗೆ ವೈರಲ್ ಜ್ವರದ ದದ್ದು ಎದ್ದ ದಿನವೇ ಅಮಾಕ್ಸಿಸಿಲಿನ್ ಕೊಟ್ಟಿದ್ದದ್ದು, ಎಲ್ಲವೂ ‘ಆ ಇಂಜೆಕ್ಷನ್ ನಮಗೆ ಆಗಲ್ಲ’ ಎಂಬ ಒಂದೇ ಮಾತಿನೊಳಗೆ ಸೇರಿಹೋಗುತ್ತವೆ. ಅಮೆರಿಕದಲ್ಲಿ ಹತ್ತು ಜನರಲ್ಲಿ ಒಬ್ಬರು ತಮಗೆ ಪೆನಿಸಿಲಿನ್ ಅಲರ್ಜಿ ಎನ್ನುತ್ತಾರೆ. ಪರೀಕ್ಷಿಸಿದರೆ ಅಂಥವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಆ ಔಷಧವನ್ನು ನಿರಾತಂಕವಾಗಿ ತೆಗೆದುಕೊಳ್ಳಬಲ್ಲರು. ನಿಜವಾದ ಅಲರ್ಜಿ ಇದ್ದವರಲ್ಲೂ ಹತ್ತು ವರ್ಷ ಕಳೆದರೆ ನೂರಕ್ಕೆ ಎಂಬತ್ತರಷ್ಟು ಮಂದಿಯಲ್ಲಿ ಅದು ತಾನಾಗಿಯೇ ಮಾಸಿಹೋಗುತ್ತದೆ.

ಅಲರ್ಜಿ ಇಲ್ಲದಿದ್ದರೂ ಇದೆ ಎಂದುಕೊಂಡು ಬೇರೆ ಔಷಧ ಕೊಟ್ಟರೆ ಗಂಟೇನು ಹೋಯಿತು ಎಂದು ಕೇಳಬಹುದು. ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯೊಂದರ 8,385 ಆಪರೇಷನ್ ರೋಗಿಗಳ ದಾಖಲೆ ನೋಡಿದ 2018ರ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಪೆನಿಸಿಲಿನ್ ಅಲರ್ಜಿಯ ಹಣೆಪಟ್ಟಿ ಹೊತ್ತವರಲ್ಲಿ ಗಾಯ ಕೀವಾಗುವ ಸಂಭವ ಉಳಿದವರಿಗಿಂತ ಒಂದೂವರೆ ಪಟ್ಟು. ಕಾರಣ ಅವರ ಮೈಯಲ್ಲಿರಲಿಲ್ಲ, ಅವರಿಗೆ ಮೊದಲ ಆಯ್ಕೆಯ ಔಷಧ ಸಿಗದೆ ಎರಡನೆಯ ದರ್ಜೆಯದು ಸಿಕ್ಕಿದ್ದರಲ್ಲಿತ್ತು. ಆಪರೇಷನ್ ಮುನ್ನ ಕೊಡಲು ಪ್ರಪಂಚದ ಬಹಳ ಕಡೆ ಮೊದಲು ನೆನೆಯುವ ಔಷಧ ಸೆಫಲೋಸ್ಪೊರಿನ್ ಗುಂಪಿನ ಸೆಫಜೋಲಿನ್. ನಮ್ಮ ರಾಷ್ಟ್ರೀಯ ಮಾರ್ಗಸೂಚಿಗಳೂ ಅದನ್ನೇ ಹೇಳುತ್ತವೆ. ಆದರೆ ವಾರ್ಡುಗಳಲ್ಲಿ ಅಭ್ಯಾಸಬಲದಿಂದ ಓಡುತ್ತಿರುವುದು ಸೆಫ್ಟ್ರಿಯಾಕ್ಸೋನ್, ಅದೂ ಆಪರೇಷನ್ ಮುಗಿದ ಮೇಲೆ ಐದು ದಿನ, ಏಳು ದಿನ. ಪೆನಿಸಿಲಿನ್ ಆಗದವರಿಗೆ ಸೆಫಲೋಸ್ಪೊರಿನ್ನೂ ಆಗದು, ನೂರಕ್ಕೆ ಹತ್ತು ಜನಕ್ಕೆ ಎರಡೂ ಅಲರ್ಜಿ ಎಂಬ ಪಾಠವನ್ನು ಒಂದು ತಲೆಮಾರಿನ ವೈದ್ಯರು ಓದಿದ್ದರು. ಆ ಲೆಕ್ಕ ಹುಟ್ಟಿದ್ದು ಆರಂಭದ ಸೆಫಲೋಸ್ಪೊರಿನ್‌ಗಳಲ್ಲಿ ಪೆನಿಸಿಲಿನ್ನಿನ ಅಂಶವೇ ಬೆರೆತಿರುತ್ತಿದ್ದ ಕಾಲದಲ್ಲಿ. ಈಗಿನ ತಿಳಿವಳಿಕೆಯಂತೆ ಅದು ನೂರಕ್ಕೆ ಎರಡರ ಆಸುಪಾಸು. ಸೆಫಜೋಲಿನ್ನಿನ ರಾಸಾಯನಿಕ ಪಕ್ಕಸರಪಳಿ ಯಾವ ಪೆನಿಸಿಲಿನ್ನಿನದರಂತೆಯೂ ಇಲ್ಲದ ಕಾರಣ ಅದರ ಮಟ್ಟಿಗೆ ಇನ್ನೂ ಕಡಿಮೆ. ಪುಸ್ತಕ ಬದಲಾದರೂ ವಾರ್ಡಿನ ಬಾಯಿಪಾಠ ಬದಲಾಗಿಲ್ಲ.

ತಪ್ಪು ಹಣೆಪಟ್ಟಿಯ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇರುವುದು ಬಹಳ ಹಿಂದೆಯೇ ಗೊತ್ತಾಗಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಇರುವುದು ಅಲ್ಲಿಯೇ. ಈ ಕಾಯಿಲೆಯ ಎಳೆಯ ಮಕ್ಕಳನ್ನು ನ್ಯುಮೋನಿಯಾದಂಥ ಸೋಂಕುಗಳಿಂದ ಕಾಯುವುದು ದಿನವೂ ಕೊಡುವ ಪೆನಿಸಿಲಿನ್. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಡುವ ಅಪಾಯದಲ್ಲಿರುವ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ವರ್ಷಗಟ್ಟಲೆ ಹಾಕುವುದೂ ಪೆನಿಸಿಲಿನ್ ಇಂಜೆಕ್ಷನ್ನೇ. ಇಂಥ ಮಗುವಿನ ಕಾರ್ಡಿನಲ್ಲಿ ಯಾರೋ ಅವಸರದಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದು ಗೀಚಿದರೆ ಅದು ಕಸಿದುಕೊಳ್ಳುವುದು ಒಂದು ಆಪರೇಷನ್ನಿನ ರಕ್ಷಣೆಯನ್ನಲ್ಲ, ಬಾಲ್ಯಪೂರ್ತಿಯ ರಕ್ಷಣೆಯನ್ನು. ರುಮ್ಯಾಟಿಕ್ ಜ್ವರದ ರೋಗಿಗಳಿಗೆ ಹಲವು ದೇಶಗಳಲ್ಲಿ ಕೊಟ್ಟ 32,430 ಇಂಜೆಕ್ಷನ್‌ಗಳನ್ನು ಲೆಕ್ಕವಿಟ್ಟು 1991ರಲ್ಲಿ ಪ್ರಕಟಿಸಿದಾಗ ಅನಾಫಿಲಾಕ್ಸಿಸ್ ಆದದ್ದು ನಾಲ್ಕು ಸಲ, ಸಾವು ಒಂದು. ಆ ಒಂದು ಸಾವು ಸಣ್ಣದಲ್ಲ, ನಿಜ. ಆದರೆ ಇಂಜೆಕ್ಷನ್ ಇಲ್ಲದೆ ಕವಾಟ ಕೆಟ್ಟು ಸಾಯುವವರ ಹೆಸರು ಅಲರ್ಜಿಯ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಹಾಗಿದ್ದರೆ ಕೇಳಿ ಬರೆಯುವುದು ಎಂದರೇನು? ‘ಅಲರ್ಜಿ ಇದೆಯಾ?’ ಎಂದು ಬಾಗಿಲಲ್ಲಿ ನಿಂತು ಕೇಳುವುದಲ್ಲ. ಯಾವ ಔಷಧ, ಮಾತ್ರೆಯೋ ಇಂಜೆಕ್ಷನ್ನೋ. ತೆಗೆದುಕೊಂಡ ಎಷ್ಟು ಹೊತ್ತಿಗೆ ಏನಾಯಿತು: ದದ್ದೋ, ಊತವೋ, ಉಸಿರು ಕಟ್ಟಿತೋ, ಪ್ರಜ್ಞೆ ತಪ್ಪಿತೋ, ಬಾಯಿ ಹುಣ್ಣಾಗಿ ಚರ್ಮ ಸುಲಿಯಿತೋ. ಆಸ್ಪತ್ರೆಗೆ ಸೇರಿಸಬೇಕಾಯಿತೇ. ಎಷ್ಟು ವರ್ಷದ ಹಿಂದೆ. ಅದಾದ ಮೇಲೆ ಅದೇ ಔಷಧವನ್ನು ಮತ್ತೆ ತೆಗೆದುಕೊಂಡು ಏನೂ ಆಗದೆ ಇದ್ದದ್ದುಂಟೇ. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಬಹಳ ಸಲ ಸಮಸ್ಯೆ ಬಗೆಹರಿಯುವುದು ಅದರಿಂದಲೇ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಪೆನ್-ಫಾಸ್ಟ್ ಎಂಬ ಅಂಕ ಪದ್ಧತಿ ಇಂಥವೇ ಮೂರು ಪ್ರಶ್ನೆಗಳ ಮೇಲೆ ನಿಂತಿದೆ: ಐದು ವರ್ಷದೊಳಗಿನದೇ, ಅನಾಫಿಲಾಕ್ಸಿಸ್, ಊತ ಇಲ್ಲವೇ ತೀವ್ರ ಚರ್ಮರೋಗವಾಗಿತ್ತೇ, ಚಿಕಿತ್ಸೆ ಬೇಕಾಯಿತೇ. ಅಂಕ ಕಡಿಮೆ ಬಂದವರಿಗೆ ಚರ್ಮಪರೀಕ್ಷೆಯ ಗೋಜಿಲ್ಲದೆ ನೇರವಾಗಿ ಪೆನಿಸಿಲಿನ್ ಮಾತ್ರೆ ನುಂಗಿಸಿ ನೋಡಿದ ಪ್ರಯೋಗವೊಂದು 2023ರಲ್ಲಿ ಪ್ರಕಟವಾಯಿತು. 382 ಮಂದಿ ಅದರಲ್ಲಿದ್ದರು, ನೇರವಾಗಿ ಮಾತ್ರೆ ನುಂಗಿದ ಗುಂಪಿನಲ್ಲೂ, ಚರ್ಮಪರೀಕ್ಷೆಯ ಮೂಲಕ ಬಂದ ಗುಂಪಿನಲ್ಲೂ ತಲಾ ಒಬ್ಬರಿಗೆ ಮಾತ್ರ ಅಲರ್ಜಿ ಕಾಣಿಸಿತು. ಉಸಿರು ಕಟ್ಟಿದವರ, ಚರ್ಮ ಸುಲಿದವರ ಹಣೆಪಟ್ಟಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಅವರ ಹಣೆಪಟ್ಟಿಯನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆಯಬೇಕು. ವಾಂತಿಯಾದವರನ್ನೂ ಅವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ನಿಜವಾದ ಅಪಾಯದಲ್ಲಿರುವವರು ಗುಂಪಿನಲ್ಲಿ ಮರೆಯಾಗುತ್ತಾರೆ.

ಔಷಧದ ಹೆಸರು ರೋಗಿಗೇ ಗೊತ್ತಿಲ್ಲದಾಗ ಈ ಪ್ರಶ್ನೆಗಳಿಂದ ಏನು ಸಿಕ್ಕೀತು ಎಂಬ ಆಕ್ಷೇಪ ಬಲವಾದದ್ದು. ರಾಗಿ ಹೊಲದಿಂದ ಬಂದವರನ್ನು ಸೆಫಲೋಸ್ಪೊರಿನ್ನೋ ಕ್ವಿನೊಲೋನೋ ಎಂದು ಕೇಳುವುದು ನಗೆಪಾಟಲು. ಆದರೆ ಹೆಸರು ಗೊತ್ತಿಲ್ಲದಿರುವುದು ರೋಗಿಯ ತಪ್ಪಲ್ಲ, ನಾವು ಬರೆದುಕೊಡಲಿಲ್ಲ. ಕ್ಲಿನಿಕ್ಕಿನಲ್ಲಿ ಚೀಟಿಯೇ ಇಲ್ಲದೆ ಸೂಜಿ ಚುಚ್ಚಿ ಕಳಿಸುವ ಪರಿಪಾಠವಿದೆ, ಬರೆದದ್ದೂ ಓದಲಾಗದ ಗೀಚು. ಅಲರ್ಜಿಯಾದ ದಿನ ಕನ್ನಡದಲ್ಲಿ ಔಷಧದ ಹೆಸರು, ತಾರೀಖು, ಆದದ್ದೇನು, ಕೊಟ್ಟ ಚಿಕಿತ್ಸೆ ಏನು ಎಂದು ನಾಲ್ಕು ಸಾಲು ಬರೆದು ಕೊಟ್ಟಿದ್ದರೆ ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡುವ ಜನ ಇವರು. ಹೆಸರು ಮರೆತರೂ ನಡೆದ ಕಥೆ ಮರೆಯುವುದಿಲ್ಲ. ‘ಸೂಜಿ ಹಾಕಿ ಎರಡು ನಿಮಿಷಕ್ಕೆ ಕಣ್ಣು ಕತ್ತಲೆ ಬಂತು, ಗಂಟಲು ಕಟ್ತು’ ಎನ್ನುವುದಕ್ಕೂ ‘ಮೂರು ದಿನ ಮಾತ್ರೆ ತಿಂದ ಮೇಲೆ ಹೊಟ್ಟೆ ಕೆಡ್ತು’ ಎನ್ನುವುದಕ್ಕೂ ಇರುವ ಅಂತರ ತಿಳಿಯಲು ಔಷಧದ ಹೆಸರೇ ಬೇಕೆಂದಿಲ್ಲ.

ಎರಡನೆಯ ಆಕ್ಷೇಪ ವೈದ್ಯರದು, ಅವರು ಅದನ್ನು ಜೋರಾಗಿ ಹೇಳುವುದಿಲ್ಲ. ಟೆಸ್ಟ್ ಡೋಸ್ ಕೊಡದೆ ರೋಗಿ ಸತ್ತರೆ ಗ್ರಾಹಕರ ನ್ಯಾಯಾಲಯದಲ್ಲಿ ಮೊದಲ ಪ್ರಶ್ನೆ ಅದೇ ಆಗಿರುತ್ತದೆ, ಹೊರಗೆ ಜನ ಕಲ್ಲು ಹಿಡಿದು ನಿಂತಿರುತ್ತಾರೆ. ಈ ಹೆದರಿಕೆ ಸುಳ್ಳಲ್ಲ. ವೈದ್ಯರ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಘೋರ ನಿರ್ಲಕ್ಷ್ಯ ಇರಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ, ಆದರೆ ತಾಲ್ಲೂಕು ಆಸ್ಪತ್ರೆಯ ಮುಂದೆ ಸೇರಿದ ಗುಂಪಿಗೆ ಆ ತೀರ್ಪು ಓದಿ ಹೇಳಲಾಗದು. ಆದ್ದರಿಂದ ಟೆಸ್ಟ್ ಡೋಸ್ ಬಿಡುವ ಧೈರ್ಯವನ್ನು ಒಬ್ಬೊಬ್ಬ ವೈದ್ಯರ ತಲೆಗೆ ಕಟ್ಟುವುದು ಅನ್ಯಾಯ. ಚೀನಾದಲ್ಲಿ ಆದಂತೆ ಇಲ್ಲಿಯೂ ಆರೋಗ್ಯ ಇಲಾಖೆ ಲಿಖಿತವಾಗಿ ಹೇಳಬೇಕು: ಚರಿತ್ರೆ ಕೇಳಿ ದಾಖಲಿಸಿರಬೇಕು, ಔಷಧವನ್ನು ಅರಿವಳಿಕೆಗೆ ಕೆಲವು ನಿಮಿಷ ಮುಂಚೆ, ಮಾನಿಟರ್ ಹಾಕಿ, ರೋಗಿ ಮಾತಾಡುತ್ತಿರುವಾಗಲೇ ಕೊಟ್ಟಿರಬೇಕು, ಪಕ್ಕದಲ್ಲಿ ಅಡ್ರಿನಲಿನ್ ಇರಬೇಕು, ಇಷ್ಟಿದ್ದರೆ ಅದೇ ಸರಿಯಾದ ಕ್ರಮ. ಬ್ರಿಟನ್ನಿನ ವರದಿಯ ಸಲಹೆಯೂ ಆ್ಯಂಟಿಬಯಾಟಿಕ್ ಅನ್ನು ಅರಿವಳಿಕೆಗೆ ಮುಂಚೆಯೇ ಕೊಡಿ ಎಂಬುದು. ಆ್ಯಂಟಿಬಯಾಟಿಕ್‌ನಿಂದಾದ ಪ್ರಕರಣಗಳಲ್ಲಿ ಮುಕ್ಕಾಲು ಪಾಲು ಐದು ನಿಮಿಷದೊಳಗೇ ಕಾಣಿಸಿಕೊಂಡಿದ್ದವು. ಸ್ಪೈನಲ್‌ಗೆ ಮೊದಲು ಆ ಐದು ನಿಮಿಷ ಕಾದರೆ ಬಿ.ಪಿ. ಬಿದ್ದದ್ದು ಯಾವುದರಿಂದ ಎಂಬ ಗೊಂದಲ ಬಹುಮಟ್ಟಿಗೆ ಉಳಿಯದು. ಹೊತ್ತಿಲ್ಲ ಎನ್ನುವ ಮೂರನೆಯ ಆಕ್ಷೇಪಕ್ಕೂ ಇದರಲ್ಲೇ ಉತ್ತರವಿದೆ: ಟೆಸ್ಟ್ ಡೋಸಿಗೆ ಇಪ್ಪತ್ತು ನಿಮಿಷ ಇದೆ ಎಂದಾದರೆ ಪ್ರಶ್ನೆಗಳಿಗೆ ಐದು, ಕಾಯುವುದಕ್ಕೆ ಐದು ಇದ್ದೇ ಇರುತ್ತದೆ.

ಅಡ್ರಿನಲಿನ್ ಬಗ್ಗೆ ಒಂದು ಮಾತು. ಕೆಲವೇ ರೂಪಾಯಿಯ ಈ ಆಂಪೂಲು ಅನಾಫಿಲಾಕ್ಸಿಸ್‌ಗೆ ಮೊದಲ ಮದ್ದು. ವಯಸ್ಕರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಥಿಯೇಟರಿನಲ್ಲಿ ಅರಿವಳಿಕೆ ವೈದ್ಯರು ರಕ್ತನಾಳಕ್ಕೇ ಸ್ವಲ್ಪಸ್ವಲ್ಪವಾಗಿ ಕೊಡಬಲ್ಲರು. ಆದರೆ ನಮ್ಮಲ್ಲಿ ‘ರಿಯಾಕ್ಷನ್’ ಎಂದ ಕೂಡಲೇ ಕೈ ಹೋಗುವುದು ಏವಿಲ್, ಡೆಕಾಡ್ರಾನ್, ಹೈಡ್ರೊಕಾರ್ಟಿಸೋನ್ ಕಡೆಗೆ. ತುರಿಕೆಗೆ ಅವು ಸರಿ, ಕುಸಿಯುತ್ತಿರುವ ಬಿ.ಪಿ.ಯನ್ನು ಎತ್ತಲಾರವು. ಲಸಿಕೆ ಹಾಕಲು ಊರೂರಿಗೆ ಹೋಗುವ ಆರೋಗ್ಯ ಸಹಾಯಕಿಯ ಚೀಲದಲ್ಲಿ ಅಡ್ರಿನಲಿನ್ ಇರಬೇಕೆಂಬ ನಿಯಮ ನಮ್ಮಲ್ಲೇ ಇದೆ. ಬಳಸುವುದಕ್ಕೆ ಹಿಂಜರಿಕೆ ಇರುವುದು ದೊಡ್ಡ ಕಟ್ಟಡಗಳಲ್ಲೇ ಹೆಚ್ಚು ಎನ್ನುವುದು ವಿಚಿತ್ರ.

ಬರೆದಿಡುವುದರ ಬೆಲೆ ಏನೆಂದು ಬಳ್ಳಾರಿ ತೋರಿಸಿಕೊಟ್ಟಿತು. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ತಿರುಗಿದ್ದು ರಕ್ತನಾಳಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಕಡೆಗೆ. ಛತ್ತೀಸಗಢದ ಬಿಲಾಸಪುರದಲ್ಲಿ 2014ರಲ್ಲಿ ಸಂತಾನಹರಣ ಶಿಬಿರದ ಹೆಂಗಸರು ಸತ್ತಾಗ ಕೊಟ್ಟಿದ್ದ ಆ್ಯಂಟಿಬಯಾಟಿಕ್ ಮಾತ್ರೆಗಳ ಮೇಲೆಯೇ ಸಂಶಯ ಬಂತು. ಇವು ಅಲರ್ಜಿಯ ಪ್ರಕರಣಗಳಲ್ಲ. ಆದರೆ ಒಬ್ಬರಿಗೆ ಆದಾಗ ‘ರಿಯಾಕ್ಷನ್ ಆಯ್ತು, ಅವರ ಮೈಗುಣ’ ಎಂದು ಮುಗಿಸಿಬಿಟ್ಟರೆ ಎರಡನೆಯವರಿಗೆ, ಮೂರನೆಯವರಿಗೆ ಆಗುವುದನ್ನು ತಡೆಯಲಾಗದು. ಔಷಧದ ಹೆಸರಿನ ಜೊತೆ ಬ್ಯಾಚ್ ನಂಬರನ್ನೂ ಬರೆದಿದ್ದರೆ ತಪ್ಪು ಮೈಯದೋ ಮದ್ದಿನದೋ ಎಂದು ವಿಂಗಡಿಸಬಹುದು. ಇದಕ್ಕಾಗಿಯೇ 2010ರಿಂದ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮವಿದೆ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಂಥ ಕಡೆ ಅದರ ಕೇಂದ್ರಗಳಿವೆ, 1800-180-3024 ಎಂಬ ಉಚಿತ ದೂರವಾಣಿಯಿದೆ. ವೈದ್ಯರಷ್ಟೇ ಅಲ್ಲ, ದಾದಿಯರು, ರೋಗಿಯ ಕಡೆಯವರು ಕೂಡ ಅಡ್ಡಪರಿಣಾಮವನ್ನು ವರದಿ ಮಾಡಬಹುದು. ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಗುಟ್ಕಾ ನಿಷೇಧದ ಫಲಕದ ಪಕ್ಕ ಆ ಸಂಖ್ಯೆಯನ್ನೂ ಬರೆಸಬಹುದಲ್ಲ.

ಚಾಮರಾಜನಗರ ಜಿಲ್ಲೆ ಕೇಳಿ ಬರೆದುಕೊಡುವ ಈ ಕ್ರಮವನ್ನು ಶುರುಮಾಡಲು ಬೆಂಗಳೂರಿನ ಅಪ್ಪಣೆಗೆ ಕಾಯಬೇಕಿಲ್ಲ, ಹೊಸ ಆ್ಯಪ್ ಕೂಡ ಬೇಡ. ಆಭಾ ಎಂಬ ಡಿಜಿಟಲ್ ಆರೋಗ್ಯ ಸಂಖ್ಯೆಯಡಿ ಎಲ್ಲರ ದಾಖಲೆ ಎಲ್ಲ ಆಸ್ಪತ್ರೆಗೂ ಕಾಣುವ ದಿನ ಬಂದರೆ ಒಳ್ಳೆಯದೇ, ಅಲ್ಲಿಯವರೆಗೆ ಕಾಗದ ಸಾಕು. ಗರ್ಭಿಣಿಯರಿಂದಲೇ ಆರಂಭಿಸುವುದು ಸುಲಭ. ತಾಯಿ ಕಾರ್ಡ್ ಅವರ ಕೈಯಲ್ಲಿ ಆಗಲೇ ಇರುತ್ತದೆ, ಆಶಾ ಕಾರ್ಯಕರ್ತೆ ಮನೆಗೆ ಹೋಗುತ್ತಾರೆ, ಗರ್ಭಿಣಿಯರೂ ತಪಾಸಣೆಗೆ ಹಲವು ಸಲ ಬರುತ್ತಾರೆ, ಹಳೆಯ ಕಥೆ ಕೆದಕಿ ಕೇಳಲು ತಿಂಗಳುಗಳ ಸಮಯವಿರುತ್ತದೆ. ಮೇಲೆ ಹೇಳಿದ ಐದು ಪ್ರಶ್ನೆಗಳ ಉತ್ತರ ಏಳನೆಯ ತಿಂಗಳೊಳಗೆ ಆ ಕಾರ್ಡಿನಲ್ಲಿ ಬಂದಿರಲಿ. ‘ಅಲರ್ಜಿ ಇಲ್ಲ’ ಎಂಬುದನ್ನೂ ಖಾಲಿ ಬಿಡದೆ ಬರೆಯಲಿ. ಸಂಶಯವಿರುವವರನ್ನು ಹೆರಿಗೆಗೆ ಮುಂಚೆಯೇ ಮೈಸೂರಿಗೆ ಕಳಿಸಿ ತಜ್ಞರಿಗೆ ತೋರಿಸಲು ಆಗ ವೇಳೆ ಸಿಗುತ್ತದೆ, ನಡುರಾತ್ರಿಯ ಸಿಸೇರಿಯನ್ನಿನ ಬಾಗಿಲಲ್ಲಿ ಸಿಗುವುದಿಲ್ಲ. ಥಿಯೇಟರಿನಲ್ಲಿ ಏನಾದರೂ ಆದರೆ ಬರೆಯುವ ಹೊಣೆ ಅರಿವಳಿಕೆ ವೈದ್ಯರದೇ ಆಗಿರಲಿ, ಏಕೆಂದರೆ ಯಾವ ಮದ್ದು ಯಾವ ನಿಮಿಷಕ್ಕೆ ಹೋಯಿತೆಂದು ಬಲ್ಲವರು ಅವರೊಬ್ಬರೇ. ಬಿಡುಗಡೆಯ ದಿನ ಆ ಚೀಟಿಯ ಒಂದು ಪ್ರತಿ ರೋಗಿಗೆ, ಒಂದು ಸತ್ತೇಗಾಲದಂಥ ಊರಿನ ಆರೋಗ್ಯ ಕೇಂದ್ರಕ್ಕೆ, ಒಂದು ಔಷಧ ಜಾಗೃತಿ ಕೇಂದ್ರಕ್ಕೆ ಹೋಗಲಿ.